ಅಣ್ಣ ಇಟ್ಟ ಪಾಲು, ನಾನು ಎತ್ತಿದ ಪಾಲು

ನಮ್ಮ ಕಡೆ ಆಸ್ತಿ ಹಂಚುವುದಕ್ಕೆ ಒಂದು ಧರ್ಮಶಾಸ್ತ್ರವಿತ್ತು: ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಬೇಕು. ಅಣ್ಣನಾದವನು ತಮ್ಮನಿಗೆ ಮೋಸ ಮಾಡಬಾರದೆಂದು ಹಿಂದಿನವರು ಕಟ್ಟಿದ ಬೇಲಿ ಇದು. ತಮ್ಮ ಏನು ಆರಿಸುತ್ತಾನೆಂಬುದು ಅಣ್ಣನಿಗೆ ಮೊದಲೇ ಗೊತ್ತಿದ್ದರೆ ಏನು ಗತಿ ಎಂದು ಆ ಮಹನೀಯರು ಯೋಚಿಸಿದಂತಿಲ್ಲ.

ಯುದ್ಧದ ದಿನಗಳು. ಶಿಗ್ಗಾವಿಯಲ್ಲಿ ನಮ್ಮದೊಂದು ಜಿನ್ನು, ಹತ್ತಿಯಿಂದ ಬೀಜ ಬಿಡಿಸುವ ಗಿರಣಿ. ಅದರ ಬೆನ್ನಿಗೇ ಮನೆ, ಎರಡಕ್ಕೂ ನಡುವೆ ಒಂದೇ ಗೋಡೆ. ಅಪ್ಪ ತೀರಿಕೊಂಡ ಮೇಲೆ ಜಿನ್ನಿನ ಎಂಜಿನ್ನು ನಡೆಸುವವನು ನಾನೊಬ್ಬನೇ. ಊಟ ಬಿಟ್ಟೇನು, ಅದನ್ನು ಬಿಡುವವನಲ್ಲ. ಅಲ್ಲಿಯೇ ಹತ್ತಿ ಆರಿಸುತ್ತಿದ್ದ ಒಬ್ಬ ವಿಧವೆಗೆ ಉಡಿಕಿಯ ಮಾತನ್ನೂ ಕೊಟ್ಟಿದ್ದೆ. ಉಡಿಕಿ, ಅಂದರೆ ವಿಧವೆಯ ಮರುಮದುವೆ, ನಮ್ಮಲ್ಲಿ ನಿಷಿದ್ಧವೇನಲ್ಲ; ಬೇರೆಯವರ ಮನೆಯಲ್ಲಿ ಆಗುವುದಾದರೆ.

“ನಾ ಇರೂತನಕ ಉಡಿಕಿ ಸೊಸಿ ಈ ಹೊಸ್ತಿಲ ದಾಟಂಗಿಲ್ಲ,” ಎಂದಿದ್ದಳು ಅವ್ವ.

ಪಂಚರು ಬಂದು ಕಂಬಳಿಯ ಮೇಲೆ ಕುಳಿತರು. ಅಣ್ಣ ಪಾಲು ಹೇಳಿದ. ಒಂದು: ಜಿನ್ನು, ಮನೆ, ಮನೆಯೊಳಗೆ ಅವ್ವ. ಇನ್ನೊಂದು: ಬಂಕಾಪುರದ ಕಡೆಯ ಎರೆಹೊಲವಷ್ಟೂ, ಹೊಲದ ಮನೆ, ಎರಡು ಜೋಡಿ ಎತ್ತು, ಬಂಡಿ. ನಾನು ಎಂಜಿನ್ನನ್ನೇ ಹಿಡಿಯುತ್ತೇನೆ, ಅದರ ಜೊತೆ ಅವ್ವನ ಹೊಸ್ತಿಲೂ ಬಂದು ಉಡಿಕಿ ತಾನಾಗಿ ಮುರಿಯುತ್ತದೆ ಎಂಬುದು ಅವನ ಎಣಿಕೆ. ಆದ್ದರಿಂದ ತನಗೆ ಉಳಿಯಲಿರುವ ಪಾಲನ್ನು ಬಲು ಅಂತಃಕರಣದಿಂದ ತುಂಬಿದ್ದ.

ನಾನು ಜಿನ್ನಿನ ಗೋಡೆಯ ಕಡೆ ನೋಡುತ್ತ ಕುಳಿತೆ.

“ಆರಸಪಾ,” ಎಂದರು ಹಿರಿಯ ಪಂಚರು. “ಕನ್ಯಾ ನೋಡಾಕ ಬಂದೀಯೇನು, ಇಷ್ಟೊತ್ತು?”

“ಕನ್ಯಾ ನೋಡಿ ಆಗೇತ್ರಿ. ಹೊಲದ ಪಾಲು ನನಗಿರ್ಲಿ.”

ಅಣ್ಣ ಅಗಿಯುತ್ತಿದ್ದ ಎಲೆಅಡಿಕೆ ಬಾಯಲ್ಲೇ ನಿಂತಿತು. “ತಡೀರಿ! ಅಂವ ಸಿಟ್ಟಿನ್ಯಾಗ ಹೇಳಾಕತ್ತಾನ.”

“ಪಾಲು ಮಾಡಿದವ್ರು ನೀವ ಅಲ್ಲೇನ್ರಿ, ಸಾವ್ಕಾರ್ರ?” ಎಂದರು ಹಿರಿಯ ಪಂಚರು.

ಬಾಗಿಲ ಮರೆಯಿಂದ ಅವ್ವನ ದನಿ ಬಂತು. “ನನ್ನ ಬಿಟ್ಟ ಹೊಂಟ್ಯಾ?”

“ಆಕಿನ್ನ ಒಳಗ ಕರಕೋತೇನಿ ಅನ್ನವ್ವಾ. ಈಗಿಂದೀಗ ಹೊಲದ ಮಾತ ಹಿಂದ ತಗೋತೇನಿ,” ಎಂದೆ.

ಪಂಚರೆಲ್ಲ ಬಾಗಿಲ ಕಡೆ ನೋಡಿದರು. ಒಳಗಿನಿಂದ ಅಗಳಿ ಹಾಕಿದ ಸದ್ದಾಯಿತು.

ಎಂಟು ದಿನಕ್ಕೆ ಉಡಿಕಿ ಮುಗಿಸಿ ಬಂಡಿ ಹೂಡಿಕೊಂಡು ಹೊರಟೆವು. ಜಿನ್ನಿನ ಮುಂದೆ ಬರುವಾಗ ಎಂಜಿನ್ನು ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು. ಹೊಸಬನ ಕೈ. ನನಗರಿವಿಲ್ಲದೆ ಹಗ್ಗ ಜಗ್ಗಿದೆ, ಎತ್ತುಗಳು ನಿಂತವು.

“ಇಳಿಯೂದಿದ್ರ ಇಲ್ಲೇ ಇಳೀರಿ,” ಎಂದಳು ಪಕ್ಕದಲ್ಲಿ ಕುಳಿತವಳು. “ಹೊಲಕ್ಕ ಹೋದ ಮ್ಯಾಲ ದಿನಾ ನನ್ನ ಮುಂದ ಅದನ್ನ ನೆನಸೂದು ಬ್ಯಾಡ.”

ಇಳಿಯಲಿಲ್ಲ, ಎತ್ತು ಹೊಡೆದೆ. ಆದರೆ ಬಂಕಾಪುರ ಬರುವ ತನಕ ಆಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.