ಸಾಸಿವೆ ಮನೆಗೆ ಸೇರಿದ ಬಗೆ

ಮಧ್ವರಾಜಣ್ಣ ಬಡಿಸಿದ ಎಲೆಯಿಂದ ಅರೆಹೊಟ್ಟೆಯಲ್ಲಿ ಎದ್ದವರನ್ನು ನಾನಂತೂ ನೋಡಿಲ್ಲ. "ಸಾಕು" ಎನ್ನುವ ಮಾತು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿಡುವ ಆಸಾಮಿ. ಉಡುಪಿ ಕಡೆಯಿಂದ ಸಣ್ಣ ವಯಸ್ಸಿಗೇ ಮದ್ರಾಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲೈಯರ್ ಆಗಿ, ನಾವು ಅವರನ್ನು ಕಾಣುವ ಹೊತ್ತಿಗೆ ಪಲ್ಲಾವರಂನ ಒಂದು ಸಸ್ಯಾಹಾರಿ ಹೋಟೆಲಿನ ಸೂಪರ್‌ವೈಸರ್ ಆಗಿದ್ದರು. ಅಡುಗೆಮನೆಗೆ ಆರ್ಡರ್ ಕೂಗಿ ಕೂಗಿ ಅವರ ಗಂಟಲು ಹದವಾಗಿತ್ತು. ತಲೆಯ ಮೇಲೆ ವಿಮಾನ ಹೋಗುವಾಗ ನಮ್ಮ ಬೀದಿಯವರೆಲ್ಲ ಮಾತು ನಿಲ್ಲಿಸಿ ಕಾಯುತ್ತಿದ್ದೆವು, ಅವರು ಮಾತ್ರ ನಿಲ್ಲಿಸುತ್ತಿರಲಿಲ್ಲ.

ನಾನು ಅವರ ಮೇಲಿನ ಮನೆಯವಳು. ಹೆಸರು ಮೌನ. ಹೆಸರಿಟ್ಟ ಅಜ್ಜಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ. ಗಂಡನಿಗೆ ಪೆರುಂಗುಡಿಯಲ್ಲಿ ಕೆಲಸ ಸಿಕ್ಕಿತೆಂದು ಮಂಡ್ಯದಿಂದ ಬಂದು, ಬಾಡಿಗೆ ಕಡಿಮೆಯೆಂದು ಪಲ್ಲಾವರಂನಲ್ಲಿ ಮನೆ ಹಿಡಿದಿದ್ದೆವು. ಎರಡು ಸಾವಿರದ ಎರಡನೇ ಇಸವಿಯ ಮಾತು. ಆ ಬೀದಿಯಲ್ಲಿ ನನ್ನ ಕನ್ನಡಕ್ಕೆ ಉತ್ತರ ಕೊಡುತ್ತಿದ್ದದ್ದು ಕೆಳಗಿನ ಮನೆಯೊಂದೇ. ಅಲ್ಲೂ ಮಗಳು ನಿಖಿತಾ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಲ್ಲೇ ಉತ್ತರಿಸುತ್ತಿದ್ದಳು.

ಆ ವರ್ಷ ಮದ್ರಾಸಿನ ಅಕ್ಟೋಬರ್ ಮಳೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಮಧ್ವರಾಜಣ್ಣ ತರಕಾರಿ ಚೀಲವನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದರು. ಚೀಲದೊಳಗೆ ಅಂಗೈಯಗಲದ ಬೆಕ್ಕಿನ ಮರಿ. ಹೋಟೆಲಿನ ಹಿತ್ತಿಲಲ್ಲಿ ತಾಯಿಯಿಲ್ಲದೆ ಅಲೆಯುತ್ತಿತ್ತಂತೆ. ಅಡುಗೆಯವರಲ್ಲಿ ಯಾರೋ ಒಬ್ಬ ಅದನ್ನು ಓಡಿಸಲು ಬಿಸಿ ಗಂಜಿ ಎರಚಿದ್ದ. ಒಂದು ಕಿವಿಯ ಅಂಚು ಸುಟ್ಟು ಮುದುಡಿತ್ತು. ಮಧ್ವರಾಜಣ್ಣ ಆ ಅಡುಗೆಯವನಿಗೆ ಏನು ಹೇಳಿದರೋ ಗೊತ್ತಿಲ್ಲ, ಹೇಳಿದ್ದು ಹೋಟೆಲಿನ ಮುಂದಿನ ಜಿಎಸ್‌ಟಿ ಹೆದ್ದಾರಿಯ ಆಚೆ ಬದಿಗೂ ಕೇಳಿಸಿತ್ತಂತೆ.

ಚೀಲ ಬಿಚ್ಚಿದ್ದೇ ತಡ, ಮರಿ ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯಿತು. ಮೊದಲು ಬಾಗಿಲ ಕಡೆಗೆ, ಬಾಗಿಲು ಹಾಕಿದ್ದರಿಂದ ಕಿಟಕಿಗೆ, ಕಿಟಕಿಯಿಂದ ಜಾರಿ ಬೀರುವಿನ ಅಡಿಗೆ. ಅಲ್ಲಿಗೆ ಹೆಸರು ಸಾಸಿವೆಯೆಂದೇ ಆಯಿತು.

ಬಂದ ಅತಿಥಿಯನ್ನು ಉಪಚರಿಸುವುದರಲ್ಲಿ ಮಧ್ವರಾಜಣ್ಣನ ಕೈ ಹಿಡಿಯುವವರಿಲ್ಲವಲ್ಲ. ಹಾಲಿನ ಪಾತ್ರೆ ಹಿಡಿದು ಬೀರುವಿನ ಮುಂದೆ ಮಂಡಿಯೂರಿ ಕೂತರು.

"ಬಾ ಮಗಾ, ಸ್ವಲ್ಪ ಕುಡಿ. ಒಂದೇ ಗುಟುಕು. ನಾಚಿಕೆ ಎಂತಕ್ಕೆ? ನಿನ್ನದೇ ಮನೆ ಮಾರಾಯ್ತಿ!"

ಹೊಟ್ಟೆಗೆ ಏನೂ ಬೀಳದೆ ಒಣಗುತ್ತಿದ್ದ ಆ ಜೀವ ಇನ್ನಷ್ಟು ಹಿಂದಕ್ಕೆ ಸರಿಯಿತು. ಇವರು ಪಾತ್ರೆ ಮುಂದಕ್ಕೆ ತಳ್ಳಿದರು. ಹಾಲು ಬೇಡವೆಂದರೆ ಮೊಸರನ್ನ, ಮೊಸರನ್ನ ಬೇಡವೆಂದರೆ ತುಪ್ಪ ಹಾಕಿದ ಇಡ್ಲಿ. ಹೋಟೆಲಿನ ಹುಡುಗರು ನೋಡಲು ಬಂದರು, ಬೀದಿಯ ಮಕ್ಕಳು ಬಂದರು, ನಾನೂ ಹೋಗಿ ಬೀರುವಿನ ಅಡಿಗೆ ಬ್ಯಾಟರಿ ಬಿಟ್ಟು ನೋಡಿ ಬಂದೆ. ಅಣ್ಣನಿಗೆ ಉಪಚಾರ, ಬೆಕ್ಕಿಗೆ ಪ್ರಾಣಸಂಕಟ. ಯಾರೂ ಇಲ್ಲದಾಗ ಒಂದಿಷ್ಟು ನೆಕ್ಕಿದರೆ ನೆಕ್ಕಿತು, ಕಾಲ ಸಪ್ಪಳ ಕೇಳಿದೊಡನೆ ಮತ್ತೆ ಬಾಗಿಲಿಗೆ ಹಾರುತ್ತಿತ್ತು.

ಹೆಂಡತಿ ಸರಸಕ್ಕ ಮಿತಭಾಷಿ. ಆಡಿದರೆ ಮಾತ್ರ ತಕ್ಕಡಿಯಲ್ಲಿ ತೂಗಿದ ಮಾತು. ಒಂದು ಸಂಜೆ ನನ್ನೆದುರೇ ಹೇಳಿಬಿಟ್ಟರು: "ದೀಪಾವಳಿ ಬರ್ತದೆ. ಇಲ್ಲಿಯ ಪಟಾಕಿ ನಿಮಗೆ ಗೊತ್ತುಂಟಲ್ಲ? ಹೆದರಿದರೆ ಹೊರಗೆ ಓಡುದು ಇದರ ಬುದ್ಧಿ. ಓಡಿದರೆ ಜಿಎಸ್‌ಟಿ ರೋಡು, ಲಾರಿ. ನಂಗೆ ಅದನ್ನು ನೋಡ್ಲಿಕ್ಕೆ ಆಗುದಿಲ್ಲ. ಅಷ್ಟರೊಳಗೆ ಮನೆಗೆ ಹೊಂದಿಕೊಂಡರೆ ಇರಲಿ, ಇಲ್ಲದಿದ್ದರೆ ಮೌನಳಿಗೆ ಕೊಟ್ಟುಬಿಡುವ. ಅವರದ್ದು ಮೇಲಿನ ಮನೆ, ಬಾಗಿಲು ಹಾಕಿಯೇ ಇರ್ತದೆ."

ನಾನು ಬೇಡವೆನ್ನಲಿಲ್ಲ. ಸುಳ್ಳೇಕೆ, ನನಗೂ ಆ ಮರಿಯ ಮೇಲೆ ಆಸೆ ಹುಟ್ಟಿತ್ತು. ಮಧ್ವರಾಜಣ್ಣ ಮಾತ್ರ ಬೀರುವಿನ ಅಡಿಗೇ ನೋಡುತ್ತ ಕೂತರು. ಊರಿಗೆಲ್ಲ ಉಣ್ಣಿಸಿದವನ ಮನೆಯಿಂದ ಒಂದು ಮರಿ ಹೆದರಿ ಹೋಯಿತು ಎನ್ನಿಸಿಕೊಳ್ಳುವುದು ಅವರಿಗೆ ಸಾಯುವಷ್ಟು ಅವಮಾನ. ಅವಮಾನಕ್ಕಿಂತ ಹೆಚ್ಚಾಗಿ, ಅವರಿಗೆ ಅದರ ಮೇಲೆ ಜೀವ ಕೂತಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು.

ಗುಟ್ಟು ಹಿಡಿದವಳು ನಿಖಿತಾ. ಅಪ್ಪ ಬರಿಗೈಯಲ್ಲಿ ಹಾದುಹೋದರೆ ಸಾಸಿವೆ ತಲೆಯೆತ್ತಿ ನೋಡುತ್ತದೆ, ಕೈಯಲ್ಲಿ ಪಾತ್ರೆ ಸೌಟು ಇದ್ದರೆ ಗೋಡೆಗೆ ಅಂಟಿಕೊಳ್ಳುತ್ತದೆ ಎಂದು ಅವಳು ಗಮನಿಸಿದ್ದಳು.

"ಪಾತ್ರತ್ತೆ ಪಾತ್ತಾ ಬಯಪ್ಪಡುದುಪ್ಪಾ. ಕತ್ತಾದೀಂಗ," ಎಂದಳು. ಪಾತ್ರೆ ಕಂಡರೆ ಹೆದರುತ್ತದೆ, ಕಿರುಚಬೇಡಿ ಎಂದು.

ಮಧ್ವರಾಜಣ್ಣ ತಮ್ಮ ಕೈಯ ಪಾತ್ರೆಯನ್ನೇ ನೋಡುತ್ತ ನಿಂತುಬಿಟ್ಟರು. ಜೀವಮಾನವೆಲ್ಲ ಆ ಕೈ ಪಾತ್ರೆ ಹಿಡಿದದ್ದು ಹಸಿದವರಿಗೆ ಬಡಿಸಲು. ಈ ಮರಿಯ ಕಣ್ಣಿಗೆ ಪಾತ್ರೆ ಹಿಡಿದು ಬಂದವನೆಂದರೆ ಬಿಸಿ ಗಂಜಿ ಎರಚುವವನು. ಅವರ ಕಣ್ಣು ತುಂಬಿತು. "ಛೇ, ಛೇ, ಛೇ," ಎಂದು ಒಳಗೆ ಹೋಗಿ ಪಾತ್ರೆ ಇಟ್ಟು ಬಂದರು.

ಅಲ್ಲಿಂದ ಮನೆಯ ರೀತಿನೀತಿಯೇ ಬದಲಾಯಿತು. ನೋಡಲು ಬರುವವರಿಗೆಲ್ಲ ಬಾಗಿಲಲ್ಲೇ ಮಂಗಳಾರತಿ. ನನ್ನ ಬ್ಯಾಟರಿಗೂ ಬಹಿಷ್ಕಾರ ಬಿತ್ತು. ಬೀರುವಿನ ಪಕ್ಕ ಒಂದು ರಟ್ಟಿನ ಡಬ್ಬ ಮಲಗಿಸಿ ಅದರೊಳಗೆ ಸರಸಕ್ಕನ ಹಳೆ ಸೀರೆ, ಅಣ್ಣ ತೊಟ್ಟು ಬಿಟ್ಟ ಬನಿಯನ್ ಹಾಸಿದರು. ಊಟವನ್ನು ಅದು ಮಲಗಿದ್ದಾಗಲೇ ಸರಸಕ್ಕ ತಂದಿಟ್ಟು ಸದ್ದಿಲ್ಲದೆ ಸರಿದುಬಿಡಬೇಕು. ಮಧ್ವರಾಜಣ್ಣನ ಕೆಲಸ ಒಂದೇ: ಹೋಟೆಲಿನಿಂದ ಬಂದವರು ಬರಿಗೈಯಲ್ಲಿ, ಬೀರುವಿಗೆ ಬೆನ್ನು ಹಾಕಿ, ನೆಲದ ಮೇಲೆ ಕೂರುವುದು. ಕರೆಯುವಂತಿಲ್ಲ, ಕೊಡುವಂತಿಲ್ಲ, ತಿರುಗಿ ನೋಡುವಂತಿಲ್ಲ. ಉಪಚಾರ ಮಾಡದೆ ಸುಮ್ಮನೆ ಕೂರುವುದು ಆ ಮನುಷ್ಯನಿಗೆ ಏಕಾದಶಿಗಿಂತ ಕಷ್ಟದ ವ್ರತ. ಬಾಯಿ ತುರಿಸಿದಾಗ ತಗ್ಗಿದ ದನಿಯಲ್ಲಿ ಹೋಟೆಲಿನ ತಿಂಡಿಗಳ ಹೆಸರನ್ನು ಸಹಸ್ರನಾಮದಂತೆ ಹೇಳಿಕೊಳ್ಳುತ್ತಿದ್ದರು: ಇಡ್ಲಿ, ವಡೆ, ಪೊಂಗಲ್, ಬನ್ಸ್, ಗೋಳಿಬಜೆ.

ನಾನು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದೆ. ಒಂದು ದಿನ ನಗು ನಿಂತಿತು. ಅಣ್ಣ ರವಾದೋಸೆಯ ತನಕ ಬಂದಿದ್ದರು, ಸಾಸಿವೆ ಡಬ್ಬದಿಂದ ಹೊರಗೆ ಬಂದು ಅವರ ಬೆನ್ನ ಹಿಂದೆ ಕೂತು ಕಿವಿಗೊಟ್ಟು ಕೇಳುತ್ತಿತ್ತು. ಮೆಲ್ಲಗೆ ಬಂದು ಅವರ ಹಿಮ್ಮಡಿಯನ್ನು ಮೂಸಿತು. ಅಣ್ಣನ ಮೈಯೆಲ್ಲ ಬಿಗಿಯಾಯಿತು, ಆದರೂ ತಿರುಗಲಿಲ್ಲ. ಹೆಸರು ಹೇಳುವುದನ್ನೂ ಬಿಡಲಿಲ್ಲ.

ಹೆದರಿಕೆ ಸ್ವಲ್ಪ ಇಳಿದರೂ ಮೈ ಹಿಡಿಯಲಿಲ್ಲ. ಪ್ರಾಣಿಗಳ ಡಾಕ್ಟರು ನೋಡಿ, ಬೆಕ್ಕಿಗೆ ಮೊಸರನ್ನ ಸಾಲದು, ಮೀನು ಹಾಕಿ ಎಂದರು. ಆ ಸಂಜೆ ಮಧ್ವರಾಜಣ್ಣ ನಮ್ಮ ಮನೆ ಬಾಗಿಲಿಗೆ ಬಂದು ಚಪ್ಪಲಿಯನ್ನೇ ನೋಡುತ್ತ ನಿಂತರು.

"ಮೌನಮ್ಮ, ನಿಮ್ಮಲ್ಲಿ ಇವತ್ತು... ಅದು ಮಾಡಿದ್ದೀರಾ?"

"ಯಾವ್ದಣ್ಣ?"

"ಅದೇ ಮಾರಾಯ್ರೆ. ನೀರಲ್ಲಿ ಇರುದು."

"ನೀರಲ್ಲಿ ಏನೇನೋ ಇರ್ತವೆ. ಬಾಯ್ಬಿಟ್ಟು ಹೇಳ್ಬಾರ್ದಾ?"

"ಮೀನು!" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿ, ತಾವೇ ಬಾಯಿಗೆ ಕೈ ಅಡ್ಡ ಹಿಡಿದರು.

ಉಪ್ಪು ಖಾರ ಹಾಕದೆ ಬೇಯಿಸಿದ ಮೀನನ್ನು ತಟ್ಟೆಯಲ್ಲಿ ಹಾಕಿಕೊಟ್ಟೆ. ಆದರೆ ಮೀನು ಅವರ ಹೊಸ್ತಿಲು ದಾಟುವಂತಿಲ್ಲ, ಅದು ಸರಸಕ್ಕನ ಕಟ್ಟಪ್ಪಣೆ. ಹಾಗಾಗಿ ತಟ್ಟೆ ಬಾಗಿಲ ಹೊರಗೆ, ಮೇಲೆ ನಮ್ಮ ಮನೆಗೂ ಕೆಳಗೆ ಗೇಟಿಗೂ ಹೋಗುವ ಮೆಟ್ಟಿಲುಗಳ ನಡುವಿನ ಜಾಗದಲ್ಲಿ ಇಡುವುದೆಂದು ತೀರ್ಮಾನವಾಯಿತು. ತಿನ್ನುವಷ್ಟು ಹೊತ್ತು ಕೆಳಗಿನ ಗೇಟು ಹಾಕಿರಬೇಕು, ಅಣ್ಣ ಹೊಸ್ತಿಲ ಒಳಗೆ ಕೂತು ಕಾಯಬೇಕು. ಸಾಸಿವೆ ತಿನ್ನುತ್ತಿತ್ತು, ಇವರು ಮೂಗಿಗೆ ಪಂಚೆಯ ಅಂಚು ಹಿಡಿದು ಸಂತೋಷಪಡುತ್ತಿದ್ದರು. ಮೈ ತುಂಬಿಕೊಂಡಿತು, ಸುಟ್ಟ ಕಿವಿಯ ಮೇಲೆ ರೋಮವೂ ಬಂತು. ಆದರೂ ಹೊರಗೆ ಬೈಕು ಶಬ್ದ ಮಾಡಿದರೆ ಮೆಟ್ಟಿಲ ಕಡೆಗೇ ನೋಡುತ್ತಿತ್ತು. ಸರಸಕ್ಕ ಅದನ್ನು ಕಾಣದೆ ಇರಲಿಲ್ಲ. "ಇನ್ನು ಮೂರು ದಿನ ಉಂಟು," ಎಂದು ನೆನಪಿಸಿದರು. ನಾನು ಮೇಲೆ ಒಂದು ಬುಟ್ಟಿ ತೊಳೆದಿಟ್ಟಿದ್ದೆ.

ಮಾರನೆಯ ಮಧ್ಯಾಹ್ನ ತಟ್ಟೆ ಇಟ್ಟು ನಾನು ಮೇಲಿನ ಮೆಟ್ಟಿಲಲ್ಲಿ ಕೂತಿದ್ದೆ, ಅಣ್ಣ ಹೊಸ್ತಿಲ ಒಳಗೆ ಕೂತಿದ್ದರು. ನಮ್ಮ ಮನೆ ಬಾಗಿಲು ಹಾರು ಹೊಡೆದಿತ್ತು. ಸಾಸಿವೆಯ ಬಾಯಲ್ಲಿ ಮೊದಲ ತುತ್ತು. ಕೆಳಗೆ ಗೇಟು ತೆರೆದಿರುವುದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಅಷ್ಟರಲ್ಲಿ ಎದುರು ಅಂಗಡಿಯವರು ಬಂದ ಮಾಲು ಹೇಗಿದೆ ನೋಡೋಣವೆಂದು ಒಂದು ಪಟಾಕಿ ಸರಕ್ಕೆ ಬೆಂಕಿ ಮುಟ್ಟಿಸಿದರು.

ಕಿವಿ ಕಿತ್ತುಹೋಗುವ ಸದ್ದು. ಮೆಟ್ಟಿಲಿನಲ್ಲಿ ಅದು ಮಾರ್ದನಿಸಿ ಇನ್ನಷ್ಟಾಯಿತು. ಸಾಸಿವೆ ಮೊಳದೆತ್ತರ ಹಾರಿ ಬಿತ್ತು. ಕೆಳಗೆ ತೆರೆದ ಗೇಟು, ಮೇಲೆ ನಮ್ಮ ತೆರೆದ ಬಾಗಿಲು. "ಗೇಟು! ಗೇಟು!" ಎಂದು ನಾನು ಕಿರುಚಿದೆ. ಮಧ್ವರಾಜಣ್ಣ ಏಳಲು ಹೋದರು, ಕಾಲು ಜೋಮು ಹಿಡಿದಿತ್ತು, ಏಳಲಾಗಲಿಲ್ಲ. ಇದ್ದಲ್ಲೇ ಖಾಲಿ ಕೈ ಎರಡನ್ನೂ ನೆಲಕ್ಕೆ ಊರಿ ನೋಡುತ್ತಿದ್ದರು.

ಸಾಸಿವೆ ಕೆಳಗೆ ಹೋಗಲಿಲ್ಲ. ಮೇಲೆ ನನ್ನ ಕಡೆಗೂ ಬರಲಿಲ್ಲ. ಮೀನಿನ ತಟ್ಟೆಯನ್ನು ತುಳಿದು, ಹೊಸ್ತಿಲು ಹಾರಿ, ನೇರ ಅವರ ಮಡಿಲಿಗೆ ಬಿದ್ದು, ಪಂಚೆಯ ಮಡಿಕೆಯೊಳಗೆ ತಲೆ ತೂರಿಸಿತು.

ಸರ ಇನ್ನೂ ಸಿಡಿಯುತ್ತಲೇ ಇತ್ತು. ಅಣ್ಣ ಎರಡೂ ಅಂಗೈಗಳನ್ನು ಅದರ ಮೇಲೆ ಮುಚ್ಚಿ ಹಿಡಿದರು. ಆಮೇಲೆ ಎಷ್ಟೋ ವಾರದಿಂದ ತಡೆದಿಟ್ಟಿದ್ದ ಗಂಟಲು ಒಡೆಯಿತು:

"ಸರಸಾ! ಬಂತು ಮಾರಾಯ್ತಿ! ಹೆದರಿ ಒಳಗೆ ಬಂತು! ಹೊರಗೆ ಅಲ್ಲ, ಒಳಗೆ!"

ಪಟಾಕಿಗಿಂತ ಜೋರು. ನಾನೇ ಬೆಚ್ಚಿದೆ. ಮಡಿಲಲ್ಲಿದ್ದದ್ದು ಮಾತ್ರ ಕಿವಿಯನ್ನೂ ಅಲುಗಿಸಲಿಲ್ಲ, ಇನ್ನೂ ಒಳಕ್ಕೆ ಒತ್ತಿಕೊಂಡಿತು.

ಸರಸಕ್ಕ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. ಗಂಡನ ಪಂಚೆಯ ಮೇಲೆ ನಾಲ್ಕು ಮೀನಿನ ಹೆಜ್ಜೆ. ಹೊಸ್ತಿಲಿನಿಂದ ಮಡಿಲಿನ ತನಕ ನೆಲದ ಮೇಲೂ ಅವೇ. ನೋಡಿದರು. ಇನ್ನು ಬಿತ್ತು ಬೈಗುಳ ಎಂದು ನಾನು ಕಾದೆ. ಅವರು ಗಂಡನ ಪಕ್ಕದಲ್ಲಿ ಕೂತು, ಆ ಮಡಿಕೆಯೊಳಗೆ ಬೆರಳು ತೂರಿಸಿ ಸವರಿದರು.

"ನನ್ನ ಹತ್ರ ಬಂದದ್ದು ಅಲ್ವಾ ಸರಸ?" ಎಂದು ಕೇಳಿದ ಮಧ್ವರಾಜಣ್ಣನ ಕೆನ್ನೆ ಒದ್ದೆಯಾಗಿತ್ತು.

"ಮತ್ತೆ? ತನ್ನ ಮನೆಗೆ ಬರದೆ ಎಲ್ಲಿಗೆ ಹೋಗ್ತದೆ ಅದು?" ಎಂದರು ಸರಸಕ್ಕ.

ನಾನು ಕೆಳಗಿಳಿದು ಹೋಗಿ ಗೇಟು ಹಾಕಿ ಬಂದೆ.