ರಸ್ತೆಗೆ ಬಂದ ದರ್ಜಿ ಅಂಗಡಿ

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಬೀದಿಯಲ್ಲಿರುವ ಹಳೆಯ ಮಸೀದಿಯನ್ನು ನಾವಿಬ್ಬರು ಅಳೆದದ್ದು ಐದು ದಿನ. ಇಬ್ಬರೆಂದರೆ ಆರ್ಕಿಟೆಕ್ಚರ್ ಓದುತ್ತಿದ್ದ ನಾನು ಮತ್ತು ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದ ನನ್ನ ಸಹಪಾಠಿ. ಸೋಮವಾರ ಸರಿಯಾದ ನಕ್ಷೆ ಒಪ್ಪಿಸದಿದ್ದರೆ ಇಬ್ಬರೂ ಆ ವಿಷಯವನ್ನು ಇನ್ನೊಂದು ವರ್ಷ ಓದಬೇಕಿತ್ತು.

ನನ್ನ ದಿನಚರಿಯಲ್ಲಿ ಲೆಕ್ಕವೆಲ್ಲ ಇದೆ. ಕಮಾನು ಒಂಬತ್ತು, ಅವುಗಳಲ್ಲಿ ಗಾರೆಯ ಹೂಬಳ್ಳಿ ಉಳಿದಿರುವುದು ಏಳರ ಮೇಲೆ, ಚಾಚಾ ಕುಡಿಸಿದ ಚಹಾ ಹದಿನಾಲ್ಕು. ಚಾಚಾ ಎಂದರೆ ಮಸೀದಿಯನ್ನು ನೋಡಿಕೊಳ್ಳುವ ಹಿರಿಯರು. ಕಟ್ಟಿದ ವರ್ಷ ಕೇಳಿದ್ದಕ್ಕೆ, "ನಮ್ ತಾತನ್ ಕಾಲಕ್ಕೇ ಹಳೇದು ಬೇಟಾ" ಎಂದರು. ಆ ಸಾಲನ್ನು ಖಾಲಿ ಬಿಟ್ಟೆ.

ಗುರುವಾರ ನಕ್ಷೆ ಕೆಟ್ಟಿತು. ಮಸೀದಿಯ ಹಿಂಗೋಡೆಗೂ ರಸ್ತೆಗೂ ನಡುವೆ ಆರು ಅಂಗಡಿಗಳ ಸಾಲಿದೆ. ಮೊದಲನೆಯದು ಬಳೆ ಅಂಗಡಿ, ಆಳ ಮೂರಡಿ. ಕೊನೆಯದು ದರ್ಜಿಯದು, ಆಳ ಒಂಬತ್ತಡಿ. ಹಾಳೆಯ ಮೇಲೆ ಬರೆದರೆ ದರ್ಜಿಯ ಅಂಗಡಿ ಆರಡಿ ರಸ್ತೆಗೆ ಚಾಚುತ್ತಿತ್ತು. ಟೇಪು ಸಡಿಲವಾಗಿತ್ತೆಂದು ಮತ್ತೆ ಅಳೆದೆವು. ಒಟ್ಟು ಏಳು ಸಲ.

ದರ್ಜಿ ಬಗ್ಗಿ ಹಾಳೆ ನೋಡಿದರು. "ಏನ್ರೀ ಇದು, ನನ್ ಮಿಷನ್ ಮೇಲೆ ಆಟೋ ಓಡಿಸ್ತೀರಾ?"

"ನೀನು ತುದಿ ಸರಿಯಾಗಿ ಹಿಡೀತಿಲ್ಲ ಮಗಾ," ಎಂದು ಗೆಳೆಯನನ್ನು ಬೈದೆ.

"ಏಳು ಸಲಾನೂ ತಪ್ಪು ಹಿಡಿಯೋಕೆ ತುಂಬಾ ಟ್ಯಾಲೆಂಟ್ ಬೇಕು ಗುರು."

ಶುಕ್ರವಾರ ಬೆಳಿಗ್ಗೆ ಚಾಚಾ ಚಾಪೆ ಹಾಸುತ್ತಿದ್ದರು. ನಮಾಜಿನ ಸಾಲು ಸೊಟ್ಟಗಾಗಬಾರದೆಂದು ಅವರು ಮೆಕ್ಕಾ ದಿಕ್ಕಿನ ಹಿಂಗೋಡೆಯಿಂದ ಎರಡೂ ತುದಿಗೆ ಸಮ ಅಂತರ ಬಿಟ್ಟು ದಾರ ಎಳೆದು, ಅದಕ್ಕೆ ಚಾಪೆಯ ಅಂಚು ಕೂಡಿಸುತ್ತಾರೆ. ನಮ್ಮ ಹಾಳೆ ನೋಡಿ ನಕ್ಕರು.

"ಗೋಡೆ, ರೋಡು ಎರಡೂ ಒಂದೇ ನೇರಕ್ಕೈತೆ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಏಳು ಸಲ ಅಳೆದ ನಾವು ಅದೊಂದನ್ನು ಅಳೆದೇ ಇರಲಿಲ್ಲ.

ದಾರದ ಉಂಡೆ ಹಿಡಿದು ಅವರು ಮಿನಾರಿನ ಮೆಟ್ಟಿಲು ಹತ್ತಿದರು, ಹಿಂದೆ ನಾವೂ ಹತ್ತಿದೆವು, ಮೂವತ್ತೊಂದು ಮೆಟ್ಟಿಲು. ತಾರಸಿಯಲ್ಲಿ ಹಿಂಗೋಡೆಯ ಉದ್ದಕ್ಕೂ ದಾರ ಬಿಗಿದರು. ಕೆಳಗೆ ನೋಡಿದೆವು. ಬಳೆ ಅಂಗಡಿಯ ಹತ್ತಿರ ರಸ್ತೆ ಗೋಡೆಗೆ ತಾಗುವಂತಿತ್ತು. ಅಲ್ಲಿಂದ ತೆರೆದ ಕತ್ತರಿಯ ಹಾಗೆ ಎರಡೂ ದೂರವಾಗುತ್ತ ಹೋಗಿದ್ದವು.

"ರೋಡು ದಂಡಿನ ಬ್ರಿಟಿಷ್ನೋರು ಅವರಿಗೆ ಬೇಕಾದಂಗೆ ಎಳೆದ್ರು. ನಮ್ ಗೋಡೆ ಮೆಕ್ಕಾ ಕಡೆ ನೋಡ್ಬೇಕಲ್ಲಾ. ಮಧ್ಯ ಉಳಿದಿದ್ರಲ್ಲಿ ಅಂಗಡಿ. ಸಣ್ಣದಕ್ಕೆ ಬಳೆ, ದೊಡ್ಡದಕ್ಕೆ ಮಿಷನ್ನು."

ಗೆಳೆಯ ತಾರಸಿಯ ಮೇಲೇ ಕುಣಿದ. ಚಾಚಾ, "ಮೆಲ್ಲಗೆ, ಹಳೇ ಗಾರೆ!" ಎಂದು ಗದರಿದರು.

ಗೋಡೆಯ ಗೆರೆ ಓರೆ ಮಾಡಿದ ಮೇಲೆ ಮೂಲೆಗಳೆಲ್ಲ ಕೂಡಿದವು. ಸೋಮವಾರ ನಕ್ಷೆ ಪಾಸಾಯಿತು. ಮಂಗಳವಾರ ಒಂದು ಪ್ರತಿಯನ್ನು ಮಸೀದಿಗೆ ಕೊಂಡೊಯ್ದೆವು. ದರ್ಜಿ ಮಿನಾರನ್ನೂ ಕಮಾನುಗಳನ್ನೂ ನೋಡಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ತನ್ನ ಅಂಗಡಿಯ ಆಳವನ್ನು ತಾನೇ ಅಳೆದು, ಹಾಳೆಯೊಂದಿಗೆ ತಾಳೆ ನೋಡಿದರು.

"ಒಂಬತ್ತಡಿ. ಪಾಸ್," ಎಂದರು. ಹದಿನೈದನೆಯ ಚಹಾ ಅವರದು.