ಹಾಲೇಶ ಭಾವನ ಮೂರು ಕತ್ತಿಗಳು

ಹಾಲೇಶ ಭಾವನ ಮನೆಯಲ್ಲಿ ಕಾಫಿ ಕುಡಿಯುವ ಮೊದಲು ಕತ್ತಿ ಆರಿಸಬೇಕಿತ್ತು. ಮದುವೆಗೆ ಕರೆಯಲು ಬಂದವರಾಗಲಿ, ಗ್ಯಾಸ್ ಸಿಲಿಂಡರ್ ತಂದವನಾಗಲಿ, ಹೊಸಬರು ಯಾರೇ ಬಂದರೂ ಭಾವ ಅವರನ್ನು ನೇರವಾಗಿ ನಡುಮನೆಯ ಪಕ್ಕದ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು. ಆ ಕೋಣೆಯ ಮೂರು ಗೋಡೆಗಳ ತುಂಬ ಕತ್ತಿಗಳು. ಉದ್ದದ್ದು, ಗಿಡ್ಡದ್ದು, ನೆಟ್ಟಗಿನದು, ಡೊಂಕಿನದು. ನೂರಾರು ವರ್ಷಗಳ ಹಿಂದೆ ರಾಜರ ಕಾಲದಲ್ಲಿ ಸೈನಿಕರು ಹಿಡಿಯುತ್ತಿದ್ದ ಕತ್ತಿಗಳ ಮಾದರಿಗಳು. ಒಂದಕ್ಕೂ ಹರಿತವಿರಲಿಲ್ಲ.

"ಎಲ್ಲಾ ನೋಡಿ, ಆತುರ ಇಲ್ಲ. ನಿಮಗೆ ಯಾವುದು ಇಷ್ಟ ಅಂತ ಹೇಳಿ. ಯಾಕೆ ಅಂತಾನೂ ಹೇಳ್ಬೇಕು ಮತ್ತೆ."

ಬಂದವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಒಳಗೆ ಗೌರಕ್ಕ ಮಾಡಿಟ್ಟ ಕಾಫಿಗೆ ಕೆನೆ ಕಟ್ಟಿರುತ್ತಿತ್ತು.

ಗೌರಕ್ಕ ನನ್ನ ಸ್ವಂತ ಅಕ್ಕ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷ ಅವಳನ್ನು ಭದ್ರಾವತಿಯ ಓಲ್ಡ್ ಟೌನಿಗೆ ಮದುವೆ ಮಾಡಿಕೊಟ್ಟೆವು. ಇವತ್ತಿಗೂ ಅದೇ ಅಂಗಡಿಯಲ್ಲಿದ್ದೇನೆ. ಭಾವ ತೀರಿಹೋಗಿ ಐದು ತಿಂಗಳಾಯಿತು. ನನಗೆ ಹೆಚ್ಚು ಮಾತಾಡಿ ಅಭ್ಯಾಸವಿಲ್ಲ, ಬರೆದಂತೂ ಇಲ್ಲ. ಆದರೆ ಅವರ ಬಗ್ಗೆ ಯೋಚಿಸಿದಾಗಲೆಲ್ಲ ಅಳುವಿಗಿಂತ ಮೊದಲು ಒಂದು ಬಗೆಯ ಹುರುಪೇ ಬರುತ್ತದೆ. ಅದು ಆರುವ ಮೊದಲೇ ಬರೆದಿಡುತ್ತಿದ್ದೇನೆ.

ಮೊದಲ ಸಲ ಆ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿದಾಗ ನಾನು ಕೈಗೆ ಹತ್ತಿರವಿದ್ದ ಒಂದನ್ನು ತೋರಿಸಿದೆ. "ಯಾಕೆ?" ಅಂದರು. "ಚೆನ್ನಾಗಿದೆ" ಅಂದೆ.

"ಚೆನ್ನಾಗಿದೆ ಅನ್ನೋದು ಉಪ್ಪಿಟ್ಟಿಗೆ ಮಾರಾಯ! ಕತ್ತಿಗೆ ಬೇರೆ ಮಾತು ಬೇಕು."

ಆ ಬೇರೆ ಮಾತು ನನಗೆ ಎಷ್ಟು ವರ್ಷವಾದರೂ ಸಿಗಲಿಲ್ಲ. ಪ್ರತಿ ಹಬ್ಬಕ್ಕೂ ಹೋಗುತ್ತಿದ್ದೆ, ಪ್ರತಿ ಸಲವೂ ಕೇಳುತ್ತಿದ್ದರು, ಪ್ರತಿ ಸಲವೂ ನಾನು ಒಂದು ಕತ್ತಿಯತ್ತ ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆ. "ನಿನ್ನ ತಮ್ಮನ ಬಾಯಿಗೆ ಒರೆ ಹಾಕಿ ಕಳಿಸಿದ್ದಾರೆ ಕಣೆ ನಿಮ್ಮಪ್ಪ" ಎಂದು ಅಕ್ಕನಿಗೆ ಕೂಗಿ ಹೇಳುತ್ತಿದ್ದರು.

ಭಾವ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ವಿಭಾಗದಲ್ಲಿದ್ದವರು. ದಿನವಿಡೀ ಕಬ್ಬಿಣದ ಜೊತೆ ಇದ್ದು ಮನೆಗೆ ಬಂದರೆ ಹಿತ್ತಲಲ್ಲಿ ಮತ್ತೆ ಒಂದು ಪುಟ್ಟ ಕುಲುಮೆ. ಕೆಲವು ಕತ್ತಿಗಳನ್ನು ಅವರು ಅಂಚೆಯಲ್ಲಿ ತರಿಸಿದ್ದರು. ಉಳಿದವನ್ನು ಲಾರಿಯ ಹಳೇ ಕಮಾನ್ ಪಟ್ಟಿಯಿಂದ ತಾವೇ ಬಡಿದಿದ್ದರು. ಪಟ್ಟಿ ಕೊಡುತ್ತಿದ್ದ ಗ್ಯಾರೇಜಿನ ಸೆಲ್ವಂ ಪ್ರತಿ ಸಲ ತನ್ನ ತಮಿಳುಗನ್ನಡದಲ್ಲಿ "ಎನ್ನ ಸಾರ್, ಯಾವ ಊರ್ ಮೇಲೆ ಯುದ್ಧ?" ಎಂದು ಕೇಳುತ್ತಿದ್ದನಂತೆ. ಯಾರಾದರೂ "ಡೂಪ್ಲಿಕೇಟು" ಅಂದರೆ ಮಾತ್ರ ಭಾವನಿಗೆ ಸಿಟ್ಟು. "ಡೂಪ್ಲಿಕೇಟ್ ಅಲ್ಲ ಸ್ವಾಮಿ, ನಕಲು. ಮೂಲದವನು ಎದ್ದು ಬಂದು ಕೈಗೆ ತಗೊಂಡ್ರೆ, ಇದು ನಂದೇ ಅನ್ಬೇಕು."

ಕತ್ತಿಗಳಿಗೆಲ್ಲ ಹೆಸರಿಟ್ಟಿದ್ದರು. ಹಿಡಿಯ ಮೇಲೆ ಅಡ್ಡಪಟ್ಟಿ ಇದ್ದ ವಿದೇಶದ ನೀಳ ಕತ್ತಿ ‘ಪಾದ್ರಿ’. ಮೊಣಕೈವರೆಗೂ ಕೈ ಒಳಗೆ ಹೋಗುವಂತೆ ಲೋಹದ ಗವುಸು ಇದ್ದದ್ದು ‘ಕೈಚೀಲ’. ತೆಳ್ಳಗೆ ಬಾಗಿದ್ದು ‘ಸೊಸೆ’.

"ಸೊಸೆ ಯಾಕೆ ಭಾವ?"

"ನೋಡಕ್ಕೆ ತೆಳ್ಳಗೆ. ಕೈಗೆ ತಗೊಂಡ್ಮೇಲೇ ಗೊತ್ತಾಗೋದು."

ಅಡುಗೆಮನೆಯಿಂದ ಅಕ್ಕ, "ಅತ್ತೇದೂ ಒಂದು ಮಾಡಿ ನೇತಾಕಿ. ಅದನ್ನ ಕೈಗೆ ತಗೊಳ್ಳೋದೇ ಬೇಡ, ದೂರದಿಂದಲೇ ಕುಯ್ಯುತ್ತೆ" ಎನ್ನುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡದು ‘ಭೀಮಣ್ಣ’. ಅದರ ಯೋಚನೆ ಹುಟ್ಟಿದ ದಿನ ನಾನೂ ಜೊತೆಗಿದ್ದೆ. ಶಿಕಾರಿಪುರದ ಕಡೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ವೀರಗಲ್ಲು ಇದೆ ಎಂದು ಯಾರೋ ಹೇಳಿದ್ದರು. ಭಾವ ನನ್ನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಹೊರಟರು. ಕಲ್ಲಿನಲ್ಲಿ ಒಬ್ಬ ವೀರ ಕತ್ತಿ ಎತ್ತಿ ನಿಂತಿದ್ದ. ಸುತ್ತ ಶತ್ರುಗಳು ಬಿದ್ದಿದ್ದರು. ಭಾವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನೋಡೋ, ನೋಡೋ ಹಿಡಿ ಹೆಂಗಿದೆ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆ ಕತ್ತಿಯ ನಿಜವಾದ ಉದ್ದ ಗೊತ್ತಾಗಬೇಕಾದರೆ ವೀರನ ಎತ್ತರ ಅಳೆದು ಹೋಲಿಸಬೇಕು. ಆದರೆ ವೀರನ ಮೊಣಕಾಲಿನಿಂದ ಕೆಳಗೆ ಮಣ್ಣಿನಲ್ಲಿ ಹೂತುಹೋಗಿತ್ತು. ನಾನು ಒಂದು ಕಡ್ಡಿಯಿಂದ ಮಣ್ಣು ಕೆದಕಲು ಶುರು ಮಾಡಿದೆ. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತರು.

"ಏನ್ ಸ್ವಾಮಿ, ನಿಧಿನಾ?"

"ನಿಧಿ ಅಲ್ಲ ಯಜಮಾನ್ರೇ, ಅಳತೆ ತಗೊಳ್ತಿದ್ದೀವಿ" ಎಂದರು ಭಾವ, ದಾರ ತೋರಿಸಿ.

"ಅಳತೆನಾ? ಕಲ್ಲಿಗೆ ಅಂಗಿ ಹೊಲಿಸ್ತೀರಾ? ಕಾಲಿನ ಹತ್ರ ಇನ್ನೊಂದು ಹಿಡಿ ಮಣ್ಣು ತೆಗೆದ್ರೂ ಊರೋರ್ನ ಕರೀತೀನಿ ನೋಡಿ."

ಅಗೆಯುವುದು ಅಲ್ಲಿಗೆ ನಿಂತಿತು. ಭಾವ ಬುದ್ಧಿವಂತಿಕೆ ಮಾಡಿ, ಪೂರ್ತಿ ಕಾಣುತ್ತಿದ್ದ ಒಬ್ಬ ಶತ್ರುವಿನ ಉದ್ದ ಅಳೆದುಕೊಂಡರು. ಕತ್ತಿ ಸರಿಯಾಗಿ ಅವನಷ್ಟೇ ಉದ್ದ ಇತ್ತು. ಮನುಷ್ಯ ಅಂದರೆ ಐದೂವರೆ ಅಡಿ, ಹಾಗಾದರೆ ಕತ್ತಿಯೂ ಐದೂವರೆ ಅಡಿ! ದಾರಿಯುದ್ದಕ್ಕೂ ಮೊಪೆಡ್ಡಿನ ಮೇಲೆ ಕೂಗುತ್ತಲೇ ಬಂದರು. "ಎಂಥ ಗಂಡಸಿರ್ಬೇಕೋ ಅವನು! ಎಂಥ ರಟ್ಟೆ ಇರ್ಬೇಕು!"

ಎರಡು ತಿಂಗಳು ಬಡಿದು ಅದನ್ನು ಮಾಡಿದರು. ಎತ್ತಲು ಇಬ್ಬರು ಬೇಕಾಯಿತು. ಆಮೇಲೆ ಶಿವಮೊಗ್ಗದ ಕಾಲೇಜೊಂದರ ಇತಿಹಾಸದ ಮೇಷ್ಟ್ರು ಮನೆಗೆ ಬಂದವರು ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವೀರಗಲ್ಲಿನಲ್ಲಿ ವೀರನನ್ನು ದೊಡ್ಡದಾಗಿ, ಶತ್ರುಗಳನ್ನು ಚಿಕ್ಕದಾಗಿ ಕೆತ್ತುವುದು ರೂಢಿಯಂತೆ. ವೀರನ ಅರ್ಧದಷ್ಟಿದ್ದವನನ್ನು ನಾವು ಅಳೆದು ಬಂದಿದ್ದೆವು. ಭಾವ ಒಮ್ಮೆ ಕತ್ತಿಯನ್ನು, ಒಮ್ಮೆ ಮೇಷ್ಟ್ರನ್ನು ನೋಡಿದರು. ಆಮೇಲೆ ಮೇಷ್ಟ್ರಿಗಿಂತ ಜೋರಾಗಿ ತಾವೇ ನಕ್ಕರು. ಆ ಕತ್ತಿಯನ್ನು ಮಾತ್ರ ಗೋಡೆಯಿಂದ ಇಳಿಸಲಿಲ್ಲ.

ಇನ್ನೊಂದು ದಿನ ಯಾರೋ ದೂರು ಕೊಟ್ಟಿದ್ದರಿಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಂದರು. ಅವತ್ತೂ ನಾನಿದ್ದೆ.

"ಯಜಮಾನ್ರೇ, ಮನೇಲಿ ಕತ್ತಿ ಗಿತ್ತಿ ಇಟ್ಟಿದ್ದೀರಂತೆ?"

"ಕತ್ತಿ ಇದಾವೆ ಸಾರ್, ಗಿತ್ತಿ ಇನ್ನೂ ಮಾಡಿಲ್ಲ. ಬನ್ನಿ ಒಳಗೆ."

ಭಾವ ಒಂದು ಬಾಳೆಹಣ್ಣು ತರಿಸಿ, ‘ಸೊಸೆ’ಯನ್ನು ಅವರ ಕೈಗೆ ಕೊಟ್ಟು ಕತ್ತರಿಸಲು ಹೇಳಿದರು. ಬಾಳೆಹಣ್ಣು ಹೋಳಾಗಲಿಲ್ಲ, ಅಪ್ಪಚ್ಚಿಯಾಗಿ ಸಾಹೇಬರ ಬೂಟಿನ ಮೇಲೆ ಬಿತ್ತು. ಅವರು ನಗು ತಡೆದುಕೊಂಡು ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿ ಬರೆದುಕೊಂಡರು. ಹೊರಡುವಾಗ ಭಾವ ಬಾಗಿಲಿಗೆ ಅಡ್ಡ ನಿಂತರು.

"ನಿಮ್ಮ ಕೆಲಸ ಆಯ್ತು ಸಾರ್, ನನ್ನದು ಆಗಿಲ್ಲ. ಯಾವುದು ಇಷ್ಟ?"

ಅಕ್ಕ ಹಣೆ ಚಚ್ಚಿಕೊಂಡಳು. ಆದರೆ ಸಾಹೇಬರು ಯೋಚನೆಯನ್ನೂ ಮಾಡದೆ ‘ಕೈಚೀಲ’ ತೋರಿಸಿದರು. ಯಾಕೆಂದು ಕೇಳಿದ್ದಕ್ಕೆ ಬಲಗೈ ಮುಂದೆ ಚಾಚಿದರು. ಎರಡು ಬೆರಳು ಮಡಚುತ್ತಿರಲಿಲ್ಲ. "ಗಲಾಟೇಲಿ ಮೊದಲು ಏಟು ಬೀಳೋದು ಕೈಗೇ ಕಣ್ರಿ" ಎಂದರು. ಅವತ್ತು ಅವರು ಕೂತು ಎರಡು ಲೋಟ ಕಾಫಿ ಕುಡಿದರು. ಅವರು ಹೋದ ಮೇಲೆ ಭಾವ ನನ್ನತ್ತ ತಿರುಗಿ, "ನೋಡಿದ್ಯಾ? ಹಂಗೆ ಹೇಳ್ಬೇಕು" ಎಂದರು.

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಭಾವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಬಂದು ಡಯಾಲಿಸಿಸ್ ಮಾಡಿಸಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಅಲ್ಲೇ ವಿನೋಬನಗರದ ನಮ್ಮ ಮನೆಯ ಮೇಲೊಂದು ಕೋಣೆ ಖಾಲಿ ಇತ್ತು. ಬಂದುಬಿಡಿ ಎಂದೆವು. ಭಾವ ಒಪ್ಪಲಿಲ್ಲ. "ಇವನ್ನೆಲ್ಲಾ ಬಿಟ್ಟು ಅಲ್ಲಿ ಬಂದು ಮಷೀನಿಗೆ ತೋಳು ಕೊಟ್ಕೊಂಡು ಮಲಗೋದಕ್ಕಿಂತ ಇಲ್ಲೇ ಎಷ್ಟು ದಿನ ಆಗುತ್ತೋ ಅಷ್ಟು ದಿನ ಇರ್ತೀನಿ" ಎಂದರು. ಅಕ್ಕ ಅಳಲಿಲ್ಲ, ವ್ಯಾಪಾರಕ್ಕಿಳಿದಳು.

"ಮೂರು ತಗೊಂಡು ಬನ್ನಿ."

"ಹತ್ತು."

"ಮೂರೇ ಮೂರು. ನಾಲ್ಕನೇದು ಬಂದ್ರೆ ನಾನು ಬರಲ್ಲ. ನಿಮ್ಮ ಕತ್ತಿ ಅನ್ನ ಮಾಡಿ ಹಾಕುತ್ತಾ ನೋಡ್ತೀನಿ."

ಉಳಿದದ್ದೆಲ್ಲವನ್ನೂ ಅದೇ ಇತಿಹಾಸದ ಮೇಷ್ಟ್ರ ಕಾಲೇಜಿಗೆ ಕೊಡುವುದೆಂದು ತೀರ್ಮಾನವಾಯಿತು. ಸೋಮವಾರ ಟೆಂಪೊ ಬರುವುದಿತ್ತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ನಾನು ಹೋದೆ. ಅಂಗಳದಲ್ಲಿ ಜಮಖಾನ ಹಾಸಿ, ಕುರ್ಚಿ ಹಾಕಿಕೊಂಡು ಭಾವ ಕಾಯುತ್ತಿದ್ದರು. ಕಾಲು ಊದಿತ್ತು, ಮುಖ ಊದಿತ್ತು. ಕಣ್ಣು ಮಾತ್ರ ಮದುವೆ ಮನೆಯವರ ಹಾಗೆ ಹೊಳೆಯುತ್ತಿತ್ತು.

"ತಗೊಂಡ್ ಬಾ ಒಂದೊಂದೇ! ಎಡಗಡೆ ಕಾಲೇಜಿಗೆ ಹೋಗೋವು, ಬಲಗಡೆ ನನ್ನ ಹತ್ರ ಇರೋವು."

ನಾನು ತಂದು ಕೊಡುತ್ತಿದ್ದೆ. ಅವರು ಅಲಗಿನ ಕೆಳಗೆ ಎರಡು ಬೆರಳು ಕೊಟ್ಟು ತೂಗುತ್ತಿದ್ದರು, ಗಾಳಿಯಲ್ಲಿ ಒಮ್ಮೆ ಬೀಸುತ್ತಿದ್ದರು, ಅದನ್ನು ಮಾಡಿದ ವರ್ಷದ ಕಥೆ ಹೇಳುತ್ತಿದ್ದರು. ‘ಪಾದ್ರಿ’ ಎಡಕ್ಕೆ ಹೋಯಿತು. ಮತ್ತೆ ಕರೆಸಿಕೊಂಡರು. ಮತ್ತೆ ಕಳಿಸಿದರು. ‘ಸೊಸೆ’ಯ ವಿಷಯದಲ್ಲಿ ನಾನೇ "ಇರಲಿ ಭಾವ" ಎಂದುಬಿಟ್ಟೆ. ಅವರು ಹುಬ್ಬೇರಿಸಿದರು. ಮಧ್ಯಾಹ್ನ ಅಕ್ಕ ಊಟಕ್ಕೆ ಕರೆಯಲು ಬಂದಾಗ ಬಲಗಡೆ ಹದಿನಾಲ್ಕು ಇದ್ದವು.

"ಇದು ಮೂರಾ?"

"ಇದು ಮೊದಲನೇ ಸುತ್ತು ಕಣೆ ಮಾರಾಯ್ತಿ!"

ಊಟವಾದ ಮೇಲೆ ಎರಡನೇ ಸುತ್ತು ಬಿರುಸಾಯಿತು. ಆ ದಿನ ಭಾವನಿಗೆ ಕಾಯಿಲೆ ಇದೆ ಎಂಬುದು ನಮ್ಮಿಬ್ಬರಿಗೂ ಮರೆತೇ ಹೋಗಿತ್ತು. ದೇವಸ್ಥಾನದ ಕಂಬದ ಮೇಲಿನ ಕೆತ್ತನೆ ನೋಡಿ ಮಾಡಿದ್ದ, ಎರಡೂ ಕಡೆ ಅಲಗಿದ್ದ ಅಗಲವಾದ ಕತ್ತಿಯೊಂದನ್ನು ತೂಗಿ, ಬೆರಳಿನ ಮೇಲೆ ಅದು ಅಲ್ಲಾಡದೆ ನಿಂತದ್ದನ್ನು ನನಗೆ ತೋರಿಸಿ, "ಇದು ನನ್ನ ಕೈಯಲ್ಲಿ ಆದ ಒಳ್ಳೇ ಕೆಲಸ. ಇದು ಬರ್ಲಿ" ಎಂದರು. ಎರಡನೆಯದಕ್ಕೆ ಯೋಚಿಸಲೇ ಇಲ್ಲ. "ಭೀಮಣ್ಣ."

"ಅದು ತಪ್ಪು ಅಳತೆದು ಭಾವ."

"ಗೊತ್ತು. ಬೇರೆಯವನ್ನ ಮಾಡುವಾಗ ಸರಿಯಾಗುತ್ತೋ ಇಲ್ವೋ ಅಂತ ಭಯ ಇತ್ತು. ಇದನ್ನ ಮಾಡುವಾಗ ಭಯಾನೇ ಇರ್ಲಿಲ್ಲ ಕಣೋ. ಎರಡು ತಿಂಗಳು ಹಬ್ಬ ಮಾಡಿದ ಹಾಗಿತ್ತು."

ಮೂರನೆಯದರ ಹತ್ತಿರ ಅವರು ನಿಂತುಬಿಟ್ಟರು. ಒಂದನ್ನು ಎತ್ತುವರು, ಇಡುವರು. ಬಿಸಿಲು ಗೋಡೆ ಹತ್ತಿತು. ಕೊನೆಗೆ ಕೈ ಒರೆಸಿಕೊಂಡು, "ಎರಡಾಯ್ತು. ಮೂರನೇದು ಸಿಕ್ತಿಲ್ಲ. ಮೇಷ್ಟ್ರಿಗೆ ಮುಂದಿನ ವಾರ ಬನ್ನಿ ಅಂತ ಹೇಳ್ಬಿಡು" ಎಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನೇ ನೋಡಿದಳು. ಮುಂದಿನ ವಾರವೆಂದರೆ ಅದರ ಮುಂದಿನ ವಾರ, ಆಮೇಲೆ ಬರುವುದೇ ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಒಳಗೆ ಹೋದೆ. ಏನು ಹುಡುಕುತ್ತಿದ್ದೇನೆಂದು ನನಗೂ ತಿಳಿದಿರಲಿಲ್ಲ. ಅಕ್ಕಿ ಡ್ರಮ್ಮಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಅಲಗು ಸಿಕ್ಕಿತು. ಹಿಡಿ ಇರಲಿಲ್ಲ, ಬೆಂಕಿಯ ಕಪ್ಪು ಹಾಗೇ ಇತ್ತು.

"ಅದು ಲೆಕ್ಕಕ್ಕಿಲ್ಲ ಬಿಡು. ಹುಷಾರು ತಪ್ಪಿದಾಗ ಅರ್ಧಕ್ಕೇ ನಿಂತೋಯ್ತು."

"ಮೂರನೇದು ಇದು ಭಾವ."

"ಯಾಕೆ?"

ನಾನು ಅಲಗನ್ನು ಅವರ ಕೈಗೆ ಕೊಟ್ಟೆ. ಈ ಸಲ ಹೇಳಿದೆ. "ಬೇರೆ ಎಲ್ಲಾ ಮುಗಿದಿದಾವೆ. ಅವನ್ನ ನೋಡ್ಕೊಂಡು ಕೂರ್ಬಹುದು ಅಷ್ಟೇ. ಇದಕ್ಕೆ ನೀವು ಬೇಕು. ಅರ ಹಾಕಿ ಉಜ್ಬೇಕು, ಹಿಡಿ ಆಗ್ಬೇಕು. ನನಗೆ ಬರಲ್ಲ."

ಭಾವ ಆ ಕಪ್ಪು ಅಲಗಿನ ಕೆಳಗೆ ಎರಡು ಬೆರಳು ಕೊಟ್ಟು ತೂಗಿ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಗೌರೀ! ನಿನ್ನ ತಮ್ಮ ಬಾಯಿ ಬಿಟ್ಟ! ಚಾಪೆ ಸುತ್ತು, ಹೊರಡೋಣ."

ಭೀಮಣ್ಣನನ್ನು ಹಾಸಿಗೆಯ ನಡುವೆ ಸುತ್ತಿ ಲಗೇಜ್ ಆಟೋದಲ್ಲಿ ತಂದೆವು. ಎರಡು ತುದಿಯೂ ಹೊರಗೆ ಇಣುಕುತ್ತಿತ್ತು.

ಶಿವಮೊಗ್ಗದಲ್ಲಿ ಭಾವ ಎಂಟು ತಿಂಗಳು ಇದ್ದರು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ತಾರಸಿಯ ಮೇಲೆ ಅರ ಉಜ್ಜುವ ಸದ್ದು. ಮೊದಮೊದಲು ಅವರೇ ಉಜ್ಜುತ್ತಿದ್ದರು. ಆಮೇಲೆ ನನ್ನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತು ಬೈಯುತ್ತಿದ್ದರು. "ಕೈಯಲ್ಲಿ ಅಲ್ಲವೋ, ಸೊಂಟದಲ್ಲಿ ಉಜ್ಜು! ಮಾತ್ರೆ ಎಣಿಸೋ ಕೈ ಇದು, ಇದಕ್ಕೇನು ಗೊತ್ತು!" ಕಪ್ಪು ಹೋಗಿ ಬಿಳಿ ಕಂಡ ದಿನ ಅಕ್ಕನಿಂದ ಶ್ಯಾವಿಗೆ ಪಾಯಸ ಮಾಡಿಸಿ, ತಮಗೆ ಪಥ್ಯವಿದ್ದರೂ ಒಂದು ಚಮಚ ತಿಂದರು.

ನಾನು ಅವರ ಜೊತೆ ಕೊನೆಯದಾಗಿ ಮಾತಾಡಿದ್ದು ಆಸ್ಪತ್ರೆಯಲ್ಲಿ. ಮಷೀನು ಓಡುತ್ತಿತ್ತು. ಎಡಗೈಗೆ ನಳಿಕೆ ಹಾಕಿದ್ದರು. ಅವರು ಬಲಗೈ ಬೆರಳಿನಿಂದ ಹಾಸಿಗೆಯ ಬಟ್ಟೆಯ ಮೇಲೆ ಹಿಡಿಯ ಚಿತ್ರ ಬರೆದು ತೋರಿಸುತ್ತಿದ್ದರು. ಹಿಡಿಯ ತುದಿಗೆ ಚಪ್ಪಟೆ ಬಿಲ್ಲೆ ಹಾಕುವುದೋ, ದುಂಡನೆಯ ಗುಂಡು ಹಾಕುವುದೋ ಎಂಬುದು ಅವತ್ತಿನ ಪ್ರಶ್ನೆ. ನರ್ಸ್ ಬಂದು, "ಅಂಕಲ್, ಅಲ್ಲಾಡ್ಬೇಡಿ" ಎಂದಳು.

"ಅಲ್ಲಾಡಲ್ಲಮ್ಮ, ನೀನು ಒಂದು ಹೇಳು. ಕತ್ತಿ ಹಿಡಿ ತುದಿಗೆ ಚಪ್ಪಟೆದು ಚಂದವೋ, ಗುಂಡಗಿರೋದೋ?"

ಅವಳು ನಳಿಕೆ ಸರಿಮಾಡುತ್ತಲೇ, "ಗುಂಡಗಿರೋದು" ಎಂದಳು.

"ಯಾಕೆ?"

"ಕತ್ತಲೇಲಿ ಹುಡುಕಿದ್ರೂ ಕೈಗೆ ಸಿಗುತ್ತಲ್ಲ ಅಂಕಲ್."

ಭಾವನ ಮುಖ ಅರಳಿತು. "ಕೇಳಿಸ್ಕೊಂಡ್ಯೇನೋ? ಆಯ್ತು, ಗುಂಡೇ. ಇವತ್ತೇ ಹೋಗಿ ತಗೊಂಡ್ ಬಾ. ನನ್ನ ಕಾಯ್ಬೇಡ, ಅಕ್ಕ ಇದ್ದಾಳೆ, ಹೋಗು."

ಗಾಂಧಿ ಬಜಾರಿನಲ್ಲಿ ಆರು ಅಂಗಡಿ ಸುತ್ತಿ, ಮೆಟ್ಟಿಲ ಕಂಬಿಗೆ ಹಾಕುವ ಹಿತ್ತಾಳೆ ಗುಂಡು ತಂದೆ. ನಾನು ಮನೆಗೆ ಬಂದಾಗ, ಆಸ್ಪತ್ರೆಯಿಂದ ಬಂದಿದ್ದ ಭಾವ ಸುಸ್ತಾಗಿ ಮಲಗಿದ್ದರು. ಎಬ್ಬಿಸುವುದು ಬೇಡ, ಬೆಳಿಗ್ಗೆ ತೋರಿಸೋಣ ಎಂದುಕೊಂಡೆ. ಬೆಳಿಗ್ಗೆ ಅಕ್ಕ ಎಬ್ಬಿಸಲು ಹೋದಾಗ ಅವರು ಏಳಲಿಲ್ಲ.

ಹಿಡಿಯನ್ನೂ ಗುಂಡನ್ನೂ ನಾನೇ ಕೂರಿಸಿದೆ. ಅದಕ್ಕೆ ಮೂರು ಭಾನುವಾರ ಹಿಡಿಯಿತು. ಮುಗಿದ ದಿನ ಕತ್ತಿಯನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಗುಂಡು ಒಂದು ಚೂರು ವಾಲಿದೆ ಅಲ್ವೇನೋ?"

"ಹೂಂ."

"ಅವರಿದ್ದಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ರು."

"ಬಿಚ್ಲಾ?"

ಅವಳು ಸೆರಗಿನಿಂದ ಗುಂಡನ್ನು ಒರೆಸಿ, "ಬೇಡ, ಗೋಡೆಗೆ ಮೊಳೆ ಹೊಡಿ" ಎಂದಳು.